ಗೋಡೆಗೆ ಅಂಟಿದ ಗಾರ್ಮೆಂಟ್ಸು

ಆರ್ಡರು ಕಡಿಮೆಯಾದಾಗಲೆಲ್ಲ ನಮ್ಮ ಗಾರ್ಮೆಂಟ್ಸಿನ ಆಫೀಸಿನವರಿಗೆ ಹೊಸದೊಂದು ಕಾಯಿಲೆ ಬರುತ್ತದೆ. ಈ ಸಲ ಬಂದದ್ದು ಚಿತ್ರದ ಕಾಯಿಲೆ. ಬಟ್ಟೆ ಒಳಗೆ ಬಂದು ಶರ್ಟಾಗಿ ಆಚೆ ಹೋಗುವ ತನಕ ಯಾರು ಏನು ಮಾಡುತ್ತಾರೆಂದು ಗೋಡೆ ಮೇಲೆ ಚಿತ್ರ ಬರೆಯಬೇಕಂತೆ. ಅದಕ್ಕೂ ಬೇರೆ ಬೇರೆ ಭಾಷೆಗಳಿವೆಯಂತೆ. ಯಾವುದು ಒಳ್ಳೆಯದೆಂದು ಹೋಲಿಸಿ ನೋಡಲು ಬೆಂಗಳೂರಿಂದ ಸಾಹೇಬರೊಬ್ಬರು ಬಂದರು. ಚಿತ್ರದಲ್ಲಿ ಇಲ್ಲದವರು ಮನೆಗೆ ಎಂದು ಸುದ್ದಿ ಹಬ್ಬಿತು. ನಾನು ಹೊಲಿದ ಶರ್ಟು ಚೆಕ್ ಮಾಡುವವಳು. ಹತ್ತನೇ ಕ್ಲಾಸು ಓದಿ, ಕಂಕುಳಲ್ಲಿ ಮಗು ಇಟ್ಟುಕೊಂಡವಳಿಗೆ ನಿಡಘಟ್ಟದ ಸುತ್ತ ಇನ್ನೊಂದು ಕೆಲಸ ಕಾದು ಕೂತಿಲ್ಲ.

ಬಾಣದ ಚಿತ್ರ

ಮೊದಲನೆಯದರಲ್ಲಿ ಬರೀ ಡಬ್ಬಿ, ಬಾಣ. ನನ್ನ ಜಾಗದಲ್ಲಿ ‘ಸರಿ ಇದೆಯಾ?’ ಎಂಬ ಪ್ರಶ್ನೆ. ಸರಿ ಇದ್ದರೆ ಬಾಣ ಇಸ್ತ್ರಿಗೆ, ಇಲ್ಲದಿದ್ದರೆ ತಿರುಗಿ ಟೈಲರ್ ಹತ್ತಿರಕ್ಕೆ. ಟೈಲರ್ ಅಕ್ಕ ಅದನ್ನೇ ನೋಡುತ್ತ ನಿಂತಳು. ಆಮೇಲೆ, “ಇದು ನನ್ ತವರುಮನೆ ಕತೆ ಕಣಮ್ಮ. ಗಂಡನ್ ಮನೆ ಸರಿ ಇಲ್ಲ ಅಂತ ಎಷ್ಟು ಸಲ ಹೋದ್ರೂ ವಾಪಸ್ ಅಲ್ಲಿಗೇ ಕಳಿಸ್ತಾರೆ” ಅಂದಳು.

ಕಾಯುವ ಚಿತ್ರ

ಎರಡನೆಯ ಭಾಷೆಯಲ್ಲಿ ಪ್ರತಿ ಕೆಲಸಕ್ಕೆ ಮೊದಲು ಏನಾಯಿತೆಂದು ಬರೆಯಬೇಕು. ಕರೆಂಟು ಹೋದದ್ದನ್ನೂ ಬರೆಯಿರಿ ಎಂದ ಇಸ್ತ್ರಿಯವನು. ಸಾಹೇಬರು ಬರೆದು, ಆಮೇಲೇನು ಮಾಡುತ್ತೀರಿ ಎಂದರು. ಕಾಯುತ್ತೇವೆ ಎಂದ.

“ಕಾದ ಮೇಲೆ?”

“ಬತ್ತದೆ.”

“ಬಂದ ಮೇಲೆ?”

“ಓಯ್ತದೆ.”

ಗೋಡೆ ಮುಗಿದು ಚಿತ್ರ ನೆಲಕ್ಕೆ ಬಂದಾಗ ಸಾಹೇಬರು ಪೆನ್ನು ಮುಚ್ಚಿದರು.

ಪಟ್ಟೆ ಚಿತ್ರ

ಮೂರನೆಯದೇ ಗೆದ್ದಿತು. ಒಬ್ಬೊಬ್ಬರ ಕೆಲಸಕ್ಕೂ ಒಂದೊಂದು ಪಟ್ಟೆ, ಭಾಗವಾದ ಗದ್ದೆಯ ಹಾಗೆ. ಚೆಕಿಂಗಿನದು ಎಲ್ಲಕ್ಕಿಂತ ಕೆಳಗೆ. ಮೇಲೆ ಕೆಳಗೆ ಎಂಬುದಕ್ಕೆ ಅರ್ಥವಿಲ್ಲ ಎಂದರು ಸಾಹೇಬರು. ನಾಲೆಯ ಕೊನೆಯಲ್ಲಿ ಗದ್ದೆ ಇರುವವರು ಯಾರಾದರೂ ಆ ಮಾತು ನಂಬುತ್ತಾರೆಯೇ?

ಆದರೂ ನನಗೆ ಒಳಗೊಳಗೇ ಖುಷಿ. ಉಳಿದವರ ಪಟ್ಟೆಯೊಳಗಿನ ಡಬ್ಬಿಯ ಮೂಲೆಯಲ್ಲೆಲ್ಲ ಮನುಷ್ಯನ ಪುಟ್ಟ ತಲೆ ಬರೆದಿದ್ದರೆ, ನನ್ನದರಲ್ಲಿ ಮಾತ್ರ ಸೇವಂತಿಗೆಯಂಥ ಹೂವು. ಮನೆಗೆ ಬಂದು ಅತ್ತೆಗೆ ಹೇಳಿ ಜಂಬ ಕೊಚ್ಚಿಕೊಂಡೆ. ಅತ್ತೆ ಮಗುವಿಗೆ ಅನ್ನ ಕಲೆಸುತ್ತಲೇ ಇದ್ದರು.

ಮಾರನೆಯ ದಿನ ಸಾಹೇಬರಿಗೆ ಥ್ಯಾಂಕ್ಸ್ ಹೇಳಲು ಹೋದೆ. ಅವರು ತಲೆ ತಗ್ಗಿಸಿ, “ಅದು ಹೂವಲ್ಲಮ್ಮ, ಹಲ್ಲಿನ ಚಕ್ರ. ಆ ಕೆಲಸ ಇನ್ನು ಮಿಷನ್ ಮಾಡುತ್ತೆ ಅಂತ ಅರ್ಥ” ಅಂದರು.

ಟಿಫನ್ ಬಾಕ್ಸ್ ತೆಗೆದುಕೊಂಡು ಮನೆಗೆ ಬಂದೆ. ಎಲ್ಲ ಕೇಳಿಸಿಕೊಂಡ ಅತ್ತೆ ಮಗುವಿನ ಬಾಯಿ ಒರೆಸುತ್ತ ಅಂದರು:

“ನಂಗೆ ನೆನ್ನೇನೆ ಅನುಮಾನ ಬಂತು ಕಣಮ್ಮ. ಬದ್ಕಿರೋರ್ಗೆಲ್ಲ ತಲೆ ಬರ್ದು, ನಿಂಗೊಬ್ಳಿಗೆ ಹೂವ ಇಟ್ಟವ್ರೆ ಅಂದ್ಯಲ್ಲ.”