ನನ್ನ ಕರುಳಿನ ವಂಶಾವಳಿ

ನನ್ನ ಮೂಗು ಯಾರದು, ಸಿಟ್ಟು ಯಾರದು ಎಂದು ಹೇಳಲು ನಮ್ಮ ಮನೆತನದಲ್ಲಿ ಹತ್ತು ಜನ ಇದ್ದಾರೆ. ಕರುಳಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನಾನೂ ಬಿಟ್ಟವಳಲ್ಲ. ಜನಗಣತಿಗೆ ಹೋದಾಗ ಮೋಮಿನಪುರದ ಮನೆಮನೆಯಲ್ಲಿ "ಸಂಡಾಸ ಅದ ಏನ್ರಿ?" ಎಂದು ಅಂಜದೆ ಕೇಳಿದ ಶಿಕ್ಷಕಿ ನಾನು, ನನ್ನ ಮಲದಲ್ಲಿ ರಕ್ತ ಕಂಡಾಗ ಮೂರು ತಿಂಗಳು ಗಂಡನಿಗೂ ಹೇಳಲಿಲ್ಲ. ಪಾಠದ ನಡುವೆ ನಾನು ಹೊರಗೆ ಓಡುವುದನ್ನು ಮಕ್ಕಳು ಎಣಿಸತೊಡಗಿದ ಮೇಲೆ ಕಲಬುರಗಿಯ ಡಾಕ್ಟರೊಬ್ಬರ ಮುಂದೆ ಕೂತೆ. ಅವರು ಕರುಳೊಳಗೆ ಕ್ಯಾಮೆರಾ ಇಳಿಸಿ ನೋಡಿ, ಇದು ದೊಡ್ಡ ಕರುಳಿನ ಉರಿಯೂತ, ಬೇಗ ಬಿಟ್ಟು ಹೋಗುವಂಥದ್ದಲ್ಲ ಎಂದರು. "ಮನಿತನದಾಗ ಯಾರಿಗರ ಇತ್ತೇನ್ರಿ?" ಎಂದೂ ಕೇಳಿದರು.

ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಹಿಂದಿನವರ ಕಥೆ ತಿಳಿದರೆ ನನ್ನ ಮುಂದಿನ ಕಥೆಯೂ ತಿಳಿದೀತೆಂಬ ಕುತೂಹಲದಿಂದ, ಭಾನುವಾರ ಬಸ್ಸು ಹತ್ತಿ ಕಮಲಾಪುರದ ಸೋದರತ್ತೆ ನೀಲಮ್ಮನ ಮನೆಗೆ ಹೋದೆ. ಅತ್ತೆ ಕೆಂಪು ಬಾಳೆಹಣ್ಣು ಮುಂದಿಟ್ಟು ಕೂತಳು. ವಿಷಯ ಕೇಳಿದ್ದೇ ಮುಖ ಬಿಗಿಯಿತು.

"ನಮ್ಮ ಮನಿತನದಾಗ ಅಂಥಾದ್ದು ಯಾರಿಗೂ ಇಲ್ಲ. ನಿನ್ನ ಅವ್ವನ ಕಡೆ ಕೇಳು."

"ಅಪ್ಪಗ ಹೊಟ್ಟಿ ತ್ರಾಸ ಇತ್ತೇನು?"

"ನಿಮ್ಮಪ್ಪಗ ಇದ್ದದ್ದು ಹೊಟ್ಟಿ ತ್ರಾಸಲ್ಲ, ಸೊಕ್ಕು. ನನ್ನ ಮಗಳ ಲಗ್ನದಾಗ ಅಕ್ಕಿಕಾಳು ಬೀಳೂಕಿಂತ ಮುಂಚೆ ಎದ್ದು ಹೋದ. ಕರದರ ತಿರುಗಿ ಸುದ್ದಾ ನೋಡಲಿಲ್ಲ."

ಅಂದಿನಿಂದ ಅಣ್ಣ ತಂಗಿ ಸರಿಯಾಗಿ ಮಾತಾಡಿರಲಿಲ್ಲ. ಅಪ್ಪ ಊಟಕ್ಕೆ ಕೂತಿದ್ದನೇ ಎಂದು ಕೇಳಿದೆ.

"ಎಲ್ಲಿ ಕೂತ? ಮುಂಜಾನಿಂದ ಒಂದು ತುತ್ತು ಬಾಯಿಗೆ ಹಾಕಲಿಲ್ಲ. ಬರೇ ಹಿತ್ತಲಕ ಹೋಗೂದು, ಬರೂದು..."

ಅತ್ತೆ ಸುಲಿಯುತ್ತಿದ್ದ ಹಣ್ಣನ್ನು ತಟ್ಟೆಗಿಟ್ಟು, "ಅಯ್ಯ ಅಣ್ಣಾ," ಎಂದಳು. "ಒಂದ ಮಾತು ಹೇಳಬಾರದಾಗಿತ್ತೇನೋ? ನಾನು ಹುಚ್ಚಿ, ಸತ್ತಾಗೂ ಸಿಟ್ಟು ಬಿಡಲಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಬ್ಬರೂ ಅತ್ತೆವು. ಆಮೇಲೆ ಅವಳು ನನ್ನನ್ನು ಗದರಿಸಿದಳು: "ನೀ ಗಂಡಗ ಹೇಳೀಯೋ, ಇಲ್ಲೋ?"

ಆ ಸಂಜೆಯೇ ಹೇಳಿದೆ. ಪಾಪ, ಅವರು ನನಗೆ ಶಾಲೆಯ ಕೆಲಸವೇ ಬೇಸರವಾಗಿದೆಯೆಂದು ತಿಳಿದಿದ್ದರಂತೆ.

ಡಾಕ್ಟರರಿಗೆ ಅಪ್ಪನ ಕಥೆ ಒಪ್ಪಿಸಿ, ನನ್ನ ಭವಿಷ್ಯ ಕೇಳಲು ಕಾದೆ. ಅವರು ನಕ್ಕರು. "ಅವರಿಗೂ ಇದ್ದಿರಬಹುದು. ಈಗ ಖಾತ್ರಿ ಹೇಳೂಕ ಆಗೂದಿಲ್ರಿ. ಆದ್ರ ಅವರಿಗೆ ಆದಂಗ ನಿಮಗೂ ಆಗ್ತದ ಅಂತಿಲ್ಲ. ಒಂದ ಮನ್ಯಾಗೂ ಒಬ್ಬೊಬ್ಬರಿಗೆ ಒಂದೊಂದ ಥರಾ ನಡೀತದ. ಗುಳಿಗಿ ಬಿಡಬ್ಯಾಡ್ರಿ, ಕರದಾಗ ಬಂದು ತೋರಸ್ರಿ."

ಈಗ ರೋಗ ಹತೋಟಿಯಲ್ಲಿದೆ. ವಿಷಯ ತಿಳಿದ ಹೆಡ್‌ಮೇಡಂ ಸಭೆಗಳಲ್ಲಿ ನನಗೆ ಬಾಗಿಲ ಪಕ್ಕದ ಕುರ್ಚಿ ಕಾದಿರಿಸುತ್ತಾರೆ. ಹೋದ ವಾರ ಅತಿಥಿಯೊಬ್ಬರ ಭಾಷಣ ಎರಡನೇ ತಾಸಿಗೆ ಕಾಲಿಟ್ಟಾಗ ನಾನು ಹೊಟ್ಟೆ ಹಿಡಿದುಕೊಂಡು ಎದ್ದೆ. ಎಲ್ಲರೂ ಮರುಕದಿಂದ ನೋಡಿದರು. ಹೊಟ್ಟೆ ತಣ್ಣಗಿತ್ತು, ಹೊರಗೆ ನಿಂತು ಆರಾಮಾಗಿ ಚಹಾ ಕುಡಿದೆ. ಈ ಬುದ್ಧಿ ಮಾತ್ರ ಯಾರಿಂದ ಬಂತೆಂದು ಅತ್ತೆಯನ್ನು ಕೇಳುವ ಧೈರ್ಯ ಇನ್ನೂ ಆಗಿಲ್ಲ.