ನಾಲ್ಕೂ ಚಕ್ರ ದುಡಿಯಲಿ

ಅಂಗಡಿಯವನು ಹೇಳಿದ ಬೆಲೆಗೆ ನಾನು ಈವರೆಗೆ ಏನನ್ನೂ ಕೊಂಡವನಲ್ಲ. ಬೆಲೆ ಅಚ್ಚು ಹಾಕಿಟ್ಟ ಕಡೆಯೂ 'ಅದಿರಲಿ, ಕೊನೆಗೆಷ್ಟು ಹೇಳಿ' ಎಂದು ಒಂದು ಮಾತು ಕೇಳಿಬಿಡುತ್ತೇನೆ. ಕೇಳುವುದಕ್ಕೆ ಇನ್ನೂ ಯಾವ ಸರಕಾರವೂ ತೆರಿಗೆ ಹಾಕಿಲ್ಲ. ಸಿಯಾಟಲ್ ಕಡೆಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಈ ನಾಲಗೆ ಮತ್ತು ಸ್ಪ್ಯಾನರ್ ಹಿಡಿದು ಗೊತ್ತಿದ್ದ ಎರಡು ಕೈ. ಇವತ್ತು ಪಕ್ಕದ ಬಾಥೆಲ್ ಊರಿನ ಲ್ಯಾಬುಗಳಿಗೆ ಯಂತ್ರ ಕೂರಿಸಿಕೊಡುವ ಸ್ವಂತ ಕೆಲಸ ಮಾಡಿಕೊಂಡಿದ್ದೇನೆ. ಹೀಗೆ ಮೇಲೆ ಬಂದವನಿಗೆ ಒಂದು ಕಾಯಿಲೆ ತಪ್ಪಿದ್ದಲ್ಲ: ಯಾರು ಏನು ಕೊಳ್ಳಹೊರಟರೂ, ಕೇಳಲಿ ಬಿಡಲಿ, ಸಲಹೆ ಕೊಡುವುದು.

ಯಂತ್ರ ಸಾಗಿಸಲು ಹಿಂದೆ ತೆರೆದ ತೊಟ್ಟಿಯಿರುವ ಪಿಕಪ್ ಬೇಕಾಯಿತು. ಇಲ್ಲಿಯ ಚಳಿಗಾಲವೆಂದರೆ ಬಹುಪಾಲು ಮಳೆಯೇ. ಆದರೆ ವರ್ಷದಲ್ಲಿ ಎಲ್ಲೋ ಎರಡು ದಿನ ಹಿಮ ಬೀಳುತ್ತದೆ, ರಾತ್ರಿ ಅದು ಗಾಜಾಗುತ್ತದೆ, ಊರೋ ಬರೀ ಏರು ತಗ್ಗು. ಆ ಎರಡು ದಿನಕ್ಕಾಗಿ ನಾನು ಒಂದು ವರ್ಷ ಸಂಶೋಧನೆ ಮಾಡಿದೆ. ಫೋರ್ ವೀಲ್ ಡ್ರೈವ್‌ನಲ್ಲಿ ಮೂರು ಜಾತಿ ನೋಡಿ. ಒಂದು, ಸದಾಕಾಲ ನಾಲ್ಕೂ ಚಕ್ರ ಎಳೆಯುವಂಥದ್ದು. ನೀವು ಪೆಟ್ರೋಲ್ ಹಾಕುತ್ತಿದ್ದರಾಯಿತು. ಇನ್ನೊಂದು ಆಟೋಮ್ಯಾಟಿಕ್, ಹಿಂದಿನ ಚಕ್ರ ಜಾರಿತೆಂದು ಕಂಪ್ಯೂಟರಿಗೆ ತಿಳಿದ ಮೇಲೆ ಅದು ಮುಂದಿನವನ್ನು ಕೆಲಸಕ್ಕೆ ಕರೆಯುತ್ತದೆ. ಮೂರನೆಯದು ಹಳೇ ಕಾಲದ್ದು, ಲಿವರ್ ನಿಮ್ಮ ಕೈಯಲ್ಲಿ. ಎಳೆದರೆ ಮುಂದಿನವೂ ಹಿಂದಿನವೂ ಒಂದಕ್ಕೊಂದು ಬಿಗಿದುಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ನಾನು ಆರಿಸಿದ್ದು ಇದನ್ನೇ. ಕೆಡುವ ಭಾಗ ಕಡಿಮೆ, ಕೇಳುವ ಗಿರಾಕಿಯೂ ಕಡಿಮೆ. ಕೊಂಡದ್ದು ಸುಡು ಬೇಸಿಗೆಯಲ್ಲಿ. ಆಗ ಹಿಮದ ಟಯರಿನ ಮುಖವನ್ನು ಯಾರೂ ನೋಡುವುದಿಲ್ಲವಾದ್ದರಿಂದ, ನಾಲ್ಕು ಟಯರನ್ನು ಗಾಡಿಯ ಜೊತೆಗೇ ಹಾಕಿಸಿಕೊಂಡು ಬಂದೆ. ನೀವೂ ಹಾಗೇ ಮಾಡಿ. ಕೊಡೆಯನ್ನು ಬಿಸಿಲಲ್ಲಿ ಕೊಳ್ಳಬೇಕು.

ಗಾಡಿ ಬಂದ ವಾರ ಹೆಂಡತಿ ಸುವರ್ಣಾಳನ್ನು ಕೂರಿಸಿಕೊಂಡು ಕ್ರಾಸ್‌ರೋಡ್ಸ್ ಮಾರುಕಟ್ಟೆಗೆ ತರಕಾರಿಗೆ ಹೋದೆ. ಲಿವರ್ ಎಳೆದೇ ಇಟ್ಟಿದ್ದೆ. ನಾಲ್ಕು ಚಕ್ರಕ್ಕೂ ದುಡ್ಡು ಕೊಟ್ಟ ಮೇಲೆ ಎರಡನ್ನು ಮಾತ್ರ ದುಡಿಸಿ, ಇನ್ನೆರಡನ್ನು ಸುಮ್ಮನೆ ಉರುಳಿಸಿಕೊಂಡು ಹೋಗುವುದು ಯಾವ ನ್ಯಾಯ? ಪಾರ್ಕಿಂಗ್‌ನಲ್ಲಿ ತಿರುಗಿಸಿದ್ದೇ ತಡ, ಗಾಡಿ ಕಿರ್ರ್ ಎಂದು ಹೆಜ್ಜೆ ಹೆಜ್ಜೆಗೆ ಕುಪ್ಪಳಿಸತೊಡಗಿತು. "ಯಾಕ್ರಿ, ಇದು ಕುಂಟಾಕತ್ತೈತಲ್ಲ?" ಎಂದಳು ಗದಗಿನ ಸುವರ್ಣಾ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡಬೇಕು. ಹಿಮದಲ್ಲಾದರೆ ಜಾರಿಕೊಂಡು ಸರಿಹೋಗುತ್ತದೆ, ಒಣ ರಸ್ತೆಯಲ್ಲಿ ಹಿಂದಿನದು ಬಿಡುವುದಿಲ್ಲ, ಜಗಳ. ಇದನ್ನು ನಾನು ಅವಳಿಗೆ ವಿವರಿಸುವ ಹೊತ್ತಿಗೆ ತರಕಾರಿ ಚೀಲ ಹಿಡಿದ ಸಲೀಂ ಎದುರಿಗೆ ನಿಂತಿದ್ದ. ಮೈಸೂರಿನವನು, ರೆಡ್ಮಂಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ನನ್ನ ಹಳೆಯ ಗೆಳೆಯ. ಅವನದು ಹೊಚ್ಚಹೊಸ ಆಟೋಮ್ಯಾಟಿಕ್ ಪಿಕಪ್. "ಸಾರ್, ಡ್ಯಾನ್ಸ್ ಕ್ಲಾಸಿಗೆ ಸೇರ್ಸಿದೀರಾ ಗಾಡೀನ? ನಮ್ದು ನೋಡಿ, ಆಟೋಗೆ ಹಾಕಿ ಮರ್ತ್‌ಬಿಡೋದು!" ಎಂದು ನಕ್ಕ.

ಅವತ್ತೇ ಸುವರ್ಣಾ ತೀರ್ಪು ಕೊಟ್ಟಳು. "ಮೊದಲನೇ ಹಿಮಕ್ಕ ಇದು ಏರು ಹತ್ತಿತು, ಇಟ್ಕೋರಿ. ಹತ್ತಲಿಲ್ಲಾ, ಮರುದಿನಾನೇ ಮಾರೂದು. ಅಂಗಡಿಯವರ ಜೋಡಿ ಮಾಡಿದಂಗ ನನ್ನ ಜೋಡಿ ಚೌಕಾಸಿ ಬ್ಯಾಡ."

ಆ ಮೊದಲನೇ ಹಿಮ ಬಿದ್ದದ್ದು ಸಲೀಮನ ಮಗಳ ನಿಶ್ಚಿತಾರ್ಥದ ದಿನವೇ. ಅವನ ಮನೆ ಗುಡ್ಡದ ತುದಿಯಲ್ಲಿ, ಕಡಿದಾದ ಖಾಸಗಿ ದಾರಿಯ ಕೊನೆಗೆ. ಗಂಡಿನ ಕಡೆಯವರು ಹಿಂದಿನ ದಿನವೇ ಬಂದು ಇಳಿದಿದ್ದರು. ಊಟ ತರಬೇಕಾದವರು ಬೆಳಿಗ್ಗೆ ಫೋನ್ ಮಾಡಿ ಆಗುವುದಿಲ್ಲ ಎಂದರು. ನಮಗೆ ಆ ಸುದ್ದಿ ಹೇಳಿದ ಸಲೀಮನ ದನಿ ಅಳುವಂತಿತ್ತು. ಸುವರ್ಣಾ ರೊಟ್ಟಿ ತಟ್ಟಿದಳು, ಎಣ್ಣೆಗಾಯಿ ಮಾಡಿದಳು, ದೊಡ್ಡ ಪಾತ್ರೆಯಲ್ಲಿ ಪಲಾವ್ ಇಳಿಸಿದಳು. ನಾನು ಲಿವರ್ ಎಳೆದೆ. ಈ ಸಲ ನ್ಯಾಯವಾಗಿಯೇ ಎಳೆದೆ.

ಗುಡ್ಡದ ಬುಡಕ್ಕೆ ಹೋದರೆ, ನಮ್ಮನ್ನು ಕರೆದೊಯ್ಯಲು ಇಳಿದು ಬಂದ ಸಲೀಮನ ಪಿಕಪ್ ಚರಂಡಿಯಲ್ಲಿ ಮೂತಿ ಇಟ್ಟು ನಿಂತಿತ್ತು. ಟಯರು ಬೇಸಿಗೆಯದು, ನುಣ್ಣಗೆ ಹೊಳೆಯುತ್ತಿತ್ತು. "ಆಟೋಗೇ ಹಾಕಿದ್ದೆ ಸಾರ್," ಎಂದ. "ಮರ್ತೂ ಬಿಟ್ಟಿದ್ರಿ," ಎಂದೆ. ಇಂಥ ಸಂತೋಷಗಳು ಜೀವನದಲ್ಲಿ ಪದೇ ಪದೇ ಸಿಗುವುದಿಲ್ಲ. ಅವನನ್ನೂ ಹತ್ತಿಸಿಕೊಂಡು, ಟಯರಿನ ಮಹಿಮೆ ವಿವರಿಸುತ್ತಾ ಏರಿಗೆ ಬಿಟ್ಟೆ. ಅರ್ಧಕ್ಕೆ ಹೋದದ್ದು ನಿಜ. ಆಮೇಲೆ ಗಾಡಿಯ ಹಿಂಭಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸಿತು, ಚಕ್ರಗಳು ನಿಂತಲ್ಲೇ ತಿರುಗಿದವು. ಹಾಗೇ ಮೆಲ್ಲಗೆ ಬುಡಕ್ಕೆ ಮರಳಿದೆವು. ಮಾರುವ ಜಾಹೀರಾತಿನಲ್ಲಿ ಏನು ಬರೆಯಬೇಕೆಂದು ನನ್ನ ಮನಸ್ಸು ಆಗಲೇ ವಾಕ್ಯ ಕಟ್ಟುತ್ತಿತ್ತು.

"ನೀವು ಭಾಷಣ ಮಾಡ್ಕೋತ ಆಕ್ಸಿಲರೇಟರ್ ತುಳೀತೀರಿ," ಎಂದಳು ಸುವರ್ಣಾ. "ಹಿಂದ ಖಾಲಿ ಐತ್ರಿ, ಭಾರ ಇಲ್ಲ. ನಮ್ಮ ಮೂವರಾಗ ತೂಕ ಯಾರ್ದು ಕಡಿಮಿ?"

ಸಲೀಂ ನನ್ನ ಹೊಟ್ಟೆ ನೋಡಿದ. ನಾನು ಅವನದನ್ನು ನೋಡಿದೆ.

"ಅಕ್ಕಾ, ನಿಮ್ದೇ," ಎಂದ.

"ಹಂಗಾರ ನಾ ಹೊಡೀತೀನಿ. ಸಲೀಂ ಅಣ್ಣಾರ, ನೀವಿಬ್ಬರೂ ಹಿಂದ ಹೋಗಿ ಕುಂದರ್ರಿ. ಪಲಾವಿನ ಪಾತ್ರಿನೂ ಒಯ್ರಿ, ಗಟ್ಟಿ ಹಿಡೀರಿ."

ಲಿವರನ್ನು ಇನ್ನೊಂದು ಮೆಟ್ಟಿಲು ಕೆಳಗೆ, ನಿಧಾನದ ಗೇರಿಗೆ ತಂದಳು. ಗಾಡಿ ನಡಿಗೆಯ ವೇಗದಲ್ಲಿ, ತುಂಬು ಬಸುರಿಯಂತೆ, ಒಂದಿಷ್ಟೂ ಕೊಂಕದೆ ಏರತೊಡಗಿತು. ಹಿಂದೆ, ತೆರೆದ ತೊಟ್ಟಿಯಲ್ಲಿ, ಪಲಾವಿನ ಪಾತ್ರೆಯನ್ನು ತಬ್ಬಿಕೊಂಡು ಕೈ ಬೆಚ್ಚಗೆ ಮಾಡಿಕೊಳ್ಳುತ್ತಾ ನಾವಿಬ್ಬರೂ ಕೂತಿದ್ದೆವು. "ಆದ್ರೂ ಸಾರ್, ಟಯರ್ ಸರಿ ಇದ್ದಿದ್ರೆ ಆಟೋನೇ ಬೆಸ್ಟು," ಎಂದ ಸಲೀಂ. ಲಿವರೇ ಶ್ರೇಷ್ಠವೆಂದು ನಾನು ತುದಿ ಮುಟ್ಟುವವರೆಗೂ ವಾದಿಸಿದೆ.

ಮೇಲೆ ಗಂಡಿನ ಕಡೆಯವರೆಲ್ಲ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಕೈ ಮುಗಿದೆ. ಅವರು ನೋಡುತ್ತಿದ್ದುದು ಸ್ಟೇರಿಂಗ್ ಕಡೆಗೆ. ಸುವರ್ಣಾ ಇಳಿದು ಬಾನೆಟ್ ತಟ್ಟಿದಳು. "ಚಲೋ ಗಾಡಿ ಐತ್ರಿ. ಮಾರೂದು ಬ್ಯಾಡ."

ಗೆದ್ದೆ. ಗಾಡಿ ಉಳಿಯಿತು, ನಿಶ್ಚಿತಾರ್ಥದ ಊಟವೂ ಬಿಸಿಬಿಸಿಯಾಗಿ ಆಯಿತು. ಪಿಕಪ್ ಕೊಳ್ಳುವವರಿಗೆ ಈಗಲೂ ಸಲಹೆ ಕೊಡುತ್ತೇನೆ: ಸದಾಕಾಲದ್ದೋ ಆಟೋವೋ ಲಿವರೋ, ಯಾವುದಾದರೂ ಇರಲಿ, ಹಿಮದ ಟಯರು ಮಾತ್ರ ಬೇಸಿಗೆಯಲ್ಲಿ ಕೊಳ್ಳಿ. ಮತ್ತೆ, ಈ ವಿಷಯವನ್ನು ಚೆನ್ನಾಗಿ ಓದಿಕೊಂಡ, ಒಳ್ಳೆಯ ಮೈಕಟ್ಟಿನ ಇಬ್ಬರು ಪರಿಣತರನ್ನು ಗೊತ್ತು ಮಾಡಿಟ್ಟುಕೊಳ್ಳಿ. ಹಿಂದೆ ಕೂರಿಸಲು ಬೇಕಾಗುತ್ತಾರೆ.