ಅತ್ತಿಗೆ, ಇನ್ಶೂರೆನ್ಸು ಮತ್ತು ಬಲು ವಿನಯದ ಒಂದು ಯಂತ್ರ

ನಮ್ಮ ಅತ್ತಿಗೆಗೆ ದಿನಕ್ಕೊಂದು ಜಗಳ ಸಿಗದಿದ್ದರೆ ಉಂಡ ಅನ್ನ ಅರಗುವುದಿಲ್ಲ. ಇದು ನನ್ನ ಆರೋಪವಲ್ಲ. ಅವರೇ ಹೆಮ್ಮೆಯಿಂದ ಒಪ್ಪಿಕೊಳ್ಳುವ ಸಂಗತಿ. ಜಗಳವೆಂದರೆ ಬೀದಿ ಜಗಳ ಅಂದುಕೊಳ್ಳಬೇಡಿ. ದನಿ ಏರುವುದಿಲ್ಲ, ಕೈ ಬೀಸುವುದಿಲ್ಲ. ಕನ್ನಡಕವನ್ನು ಮೂಗಿನ ತುದಿಗಿಳಿಸಿ "ಯಾಕೆ ಆಗಲ್ಲ, ಹೇಳಿ?" ಎನ್ನುತ್ತಾರೆ, ಅಷ್ಟೇ. ಎದುರಿಗಿದ್ದವರು ಕಾರಣ ಹೇಳಿದರೆ ಆ ಕಾರಣಕ್ಕೊಂದು ಕಾರಣ ಕೇಳುತ್ತಾರೆ. ಮೂರನೆಯ ಕಾರಣದ ಹೊತ್ತಿಗೆ ಎಂಥವರೂ "ಆಗತ್ತೆ ಬಿಡಿ ಮೇಡಂ" ಅಂದುಬಿಡುತ್ತಾರೆ.

ಕಾರಿನಲ್ಲಿ ದಾರಿ ಹೇಳುವ ಹೆಂಗಸಿನ ದನಿಯನ್ನೂ ಅವರು ಬಿಟ್ಟವರಲ್ಲ. ಒಮ್ಮೆ ಗುಬ್ಬಿಯಲ್ಲಿ ನಾಮಕರಣ ಮುಗಿಸಿ ಬರುವಾಗ ಅದು "ಯು ಟರ್ನ್ ತೆಗೆದುಕೊಳ್ಳಿ" ಅಂದಿತು. "ಯಾಕಮ್ಮಾ? ನಾನು ಹುಟ್ಟಿದ್ದೇ ಈ ಊರಲ್ಲಿ. ನೀನು ಯಾವೂರೋಳು?" ಎಂದರು ಅತ್ತಿಗೆ. ಅದು ಮತ್ತೆ ಯು ಟರ್ನ್ ಅಂದಿತು. ತುಮಕೂರು ಮುಟ್ಟುವವರೆಗೂ ಇಬ್ಬರಲ್ಲಿ ಯಾರೂ ಸೋಲಲಿಲ್ಲ. ಹಿಂದಿನ ಸೀಟಿನಲ್ಲಿ ನಮ್ಮಣ್ಣ ಮಾತ್ರ ನಿದ್ದೆ ಬಂದವನಂತೆ ನಟಿಸುತ್ತಿದ್ದ. ಸುಖಸಂಸಾರದ ಗುಟ್ಟು ಬೇರೇನಿದೆ ಹೇಳಿ!

ಇಂಥವರು ವೃತ್ತಿಯಲ್ಲಿ ಕೀಲುವಾತದ ಡಾಕ್ಟರು. ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಸಣ್ಣದೊಂದು ಆಸ್ಪತ್ರೆ. ಕೆಳಗೆ ರೋಗಿಗಳನ್ನು ನೋಡುವ ಕೋಣೆ, ಮೇಲೆ ಡ್ರಿಪ್ ಹಾಕುವುದಕ್ಕೆ ನಾಲ್ಕಾರು ಮಂಚ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾಗಿದ್ದ ನನ್ನನ್ನು "ಮನೇಲಿ ಕೂತು ಏನ್ ಮಾಡ್ತೀಯಾ, ಬಾ" ಎಂದು ಎಳೆತಂದು ಇನ್ಶೂರೆನ್ಸ್ ಮೇಜಿನ ಹಿಂದೆ ಕೂರಿಸಿದರು.

ಈ ಕಾಯಿಲೆಗೆ ಕೊಡುವ ಕೆಲವು ಔಷಧಿಗಳ ಬೆಲೆ ಕೇಳಿದರೆ ಗಟ್ಟಿಯಾಗಿದ್ದ ಕೀಲುಗಳೂ ಸಡಿಲವಾಗುತ್ತವೆ. ಹಾಗಾಗಿ ಇನ್ಶೂರೆನ್ಸ್ ಕಂಪನಿಯ ಒಪ್ಪಿಗೆ ಮೊದಲೇ ಬೇಕು. ನಾವು ಕೇಳಬೇಕು, ಅವರು ಪ್ರಶ್ನೆ ಹಾಕಬೇಕು, ನಾವು ಉತ್ತರಿಸಬೇಕು, ಅವರು ಅದೇ ಪ್ರಶ್ನೆಯ ಮಗ್ಗುಲು ಬದಲಾಯಿಸಿ ಇನ್ನೊಮ್ಮೆ ಹಾಕಬೇಕು. ಅಷ್ಟರಲ್ಲಿ ರೋಗಿಯ ಬೆರಳು ಇನ್ನಷ್ಟು ಊದಿರುತ್ತದೆ. ಫೋನ್ ಮಾಡಿದರೋ, "ನಿಮ್ಮ ಕರೆ ನಮಗೆ ಅಮೂಲ್ಯ" ಎಂಬ ಸಂಗೀತ ಸಹಿತ ಭರವಸೆ. ಅತ್ತಿಗೆ ಅದನ್ನು ಸ್ಪೀಕರಿಗೆ ಹಾಕಿಕೊಂಡೇ ರೋಗಿಗಳ ಮಂಡಿ ಒತ್ತಿ ನೋಡುತ್ತಿದ್ದರು. ನಡುನಡುವೆ ಫೋನಿನತ್ತ ತಿರುಗಿ, "ಅಮೂಲ್ಯ ಆಗಿದ್ರೆ ಎತ್ತಪ್ಪಾ!"

ಡಾಕ್ಟರುಗಳ ಯಾವುದೋ ಸಭೆಗೆ ಹೋಗಿ ಬಂದವರು ಒಂದು ದಿನ ಲ್ಯಾಪ್‌ಟಾಪ್ ತೆರೆದು, "ನಿಂಗೊಬ್ಬ ಜೊತೆಗಾರನ್ನ ತಂದಿದೀನಿ ಕಣೋ. ನಿನ್ ಥರ ಗಂಟೆಗೊಂದು ಕಾಫಿ ಕೇಳಲ್ಲ" ಅಂದರು. ಕೃತಕ ಬುದ್ಧಿಮತ್ತೆ! ರೋಗಿಯ ಹೆಸರು, ಗುರುತು ತೆಗೆದು ಕೇಸಿನ ವಿವರ ಹೇಳಿದರೆ ಸಾಕು, ಇನ್ಶೂರೆನ್ಸಿಗೆ ಬೇಕಾದ ಪತ್ರವನ್ನು ಅದೇ ಬರೆದುಕೊಡುತ್ತದಂತೆ. ಕನ್ನಡದಲ್ಲಿ ಹೇಳಿದರೂ ಇಂಗ್ಲಿಷಿನಲ್ಲಿ ಬರೆಯುತ್ತದಂತೆ.

ಮೊದಲ ಪತ್ರ ಬೆಳ್ಳಾವಿಯ ಒಬ್ಬ ಹಿರಿಯರ ಪರವಾಗಿ. ಹಿಂದಿನ ದಿನವಷ್ಟೇ ಅವರ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿರಲಿಲ್ಲ. ಅತ್ತಿಗೆ ಕುದಿಯುತ್ತಿದ್ದರು. ಕೇಸಿನ ವಿವರವೆಲ್ಲ ಹೇಳಿ, ಕೊನೆಗೆ ತಡೆಯಲಾರದೆ, "ನಿಮ್ಮನೇಲಿ ಯಾರಿಗೂ ಮಂಡಿ ಅನ್ನೋದೇ ಇಲ್ವೇನ್ರೀ ಅಂತ ಕೇಳು ಅವರನ್ನ" ಅಂದುಬಿಟ್ಟರು. ಯಂತ್ರ ಪಾಪ, ಅದನ್ನೂ ಬರೆಯಿತು! "ತಮ್ಮ ಗೌರವಾನ್ವಿತ ಕುಟುಂಬದಲ್ಲಿ ಮಂಡಿಗಳನ್ನು ಹೊಂದಿರುವ ಸದಸ್ಯರಿದ್ದಲ್ಲಿ, ರೋಗಿಯ ಸ್ಥಿತಿಯನ್ನು ತಾವು ಸಹಾನುಭೂತಿಯಿಂದ ಪರಿಗಣಿಸುವಿರೆಂದು ನಂಬುತ್ತೇವೆ" ಎಂಬುದು ಅದರ ಇಂಗ್ಲಿಷಿನ ಸಾರಾಂಶ. ನಾನು ಆ ಸಾಲನ್ನು ಅಳಿಸಬೇಕೆಂದೆ. ಅತ್ತಿಗೆ ಬಹಳ ಹೊತ್ತು ಆಸೆಯಿಂದ ನೋಡಿ ಅಳಿಸಿದರು.

ಅದೇ ತಿಂಗಳು ಗುಬ್ಬಿ ಹತ್ತಿರದ ಕಡಬದ ಹೆಣ್ಣುಮಗಳೊಬ್ಬಳು ಬಂದಳು. ತುಮಕೂರಿನ ಖಾಸಗಿ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದವಳು, ಹೆರಿಗೆ ರಜೆಯಲ್ಲಿದ್ದಳು. ಕೂಸು ಹುಟ್ಟಿದ ಮೇಲೆ ಕೀಲುವಾತ ಮೈಮೇಲೆ ಬಂದಂತೆ ಕೆರಳಿತ್ತು. ಮಗು ಅತ್ತೆಯ ತೋಳಿನಲ್ಲಿತ್ತು. ಹಾಲು ಕುಡಿಸುವಾಗಲೂ ಅತ್ತೆಯೇ ಮಗುವನ್ನು ಎತ್ತಿ ಹಿಡಿದುಕೊಳ್ಳಬೇಕು. ಇವಳ ಮಣಿಕಟ್ಟು ಅಷ್ಟು ಭಾರವನ್ನೂ ತಡೆಯದು.

ಅಗ್ಗದ ಮಾತ್ರೆಯೊಂದಿತ್ತು. ಆದರೆ ಅದನ್ನು ತೆಗೆದುಕೊಂಡರೆ ಹಾಲು ಕುಡಿಸುವಂತಿಲ್ಲ. "ಡಬ್ಬಿ ಹಾಲು ಕುಡೀತದೆ ಬುಡಿ ಡಾಕ್ಟ್ರಮ್ಮ, ನಮ್ ಹುಡ್ಗಿ ನೋವು ಹೋದ್ರೆ ಸಾಕು" ಅಂದರು ಅತ್ತೆ, ಒಳ್ಳೆಯ ಮನಸ್ಸಿನಿಂದಲೇ.

ಅತ್ತಿಗೆ ಹುಡುಗಿಯತ್ತ ತಿರುಗಿದರು. "ನಿಂಗೇನ್ ಬೇಕಮ್ಮಾ?"

"ಹಾಲು ಬಿಡ್ಸಕ್ಕೆ ಮನಸ್ಸಿಲ್ಲ ಮೇಡಂ" ಎಂದಳು. "ಎತ್ಕೊಳ್ಳಕ್ಕಂತೂ ಆಗ್ತಿಲ್ಲ. ಅದೊಂದಾದ್ರೂ ಇರ್ಲಿ."

ಹಾಲುಣಿಸುವ ತಾಯಿಗೂ ಕೊಡಬಹುದಾದ ಔಷಧಿಯೊಂದಿತ್ತು. ಆಸ್ಪತ್ರೆಯಲ್ಲಿ ಮಲಗಿಸಿ ಗಂಟೆಗಟ್ಟಲೆ ಡ್ರಿಪ್‌ನಲ್ಲಿ ಕೊಡುವಂಥದು. ಅತ್ತಿಗೆ ಕನ್ನಡಕ ಇಳಿಸಿದರು. ನನಗೆ ಅರ್ಥವಾಯಿತು: ಈ ಜಗಳ ದೊಡ್ಡದು.

ಯಂತ್ರ ಅವಳ ಪಾಲಿಸಿಯ ದಪ್ಪ ಪುಸ್ತಕವನ್ನು ನಾನು ಕನ್ನಡಕ ಒರೆಸುವಷ್ಟರಲ್ಲಿ ಓದಿ ಮುಗಿಸಿತು. ಇಂಥ ಔಷಧಿಗೆ ಹಣ ಕೊಡಬೇಕೆಂಬ ನಿಯಮ ಒಳಪುಟದಲ್ಲಿದೆ ಎಂದಿತು. "ಎಲ್ಲಿದೆ, ತೋರ್ಸು" ಎಂದರು ಅತ್ತಿಗೆ. ತೋರಿಸಿತು. ನಿಜಕ್ಕೂ ಇತ್ತು! ನಾನು ಚಪ್ಪಾಳೆ ತಟ್ಟುವುದರಲ್ಲಿದ್ದೆ. ಅಷ್ಟರಲ್ಲಿ ಅದು ಬರೆದ ಪತ್ರವನ್ನು ಓದುತ್ತಿದ್ದ ಅತ್ತಿಗೆಯ ಹುಬ್ಬು ಗಂಟಿಕ್ಕಿತು. "ರೋಗಿಗೆ ಅಗ್ಗದ ಮಾತ್ರೆಯನ್ನು ಕೊಟ್ಟು ನೋಡಲಾಗಿದ್ದು, ಫಲ ಕೊಟ್ಟಿಲ್ಲ" ಎಂದು ಯಂತ್ರ ತನ್ನಷ್ಟಕ್ಕೇ ಸೇರಿಸಿಬಿಟ್ಟಿತ್ತು.

"ಯಾರ್ ಹೇಳಿದ್ರು ನಿಂಗೆ ಇದನ್ನ?" ಎಂದು ಲ್ಯಾಪ್‌ಟಾಪನ್ನೇ ಗದರಿದರು. ಅದು ಕೂಡಲೇ ಕ್ಷಮೆ ಕೇಳಿತು.

"ಅತ್ತಿಗೆ, ಅಗ್ಗದ್ದು ಮೊದ್ಲು ಕೊಟ್ಟು ನೋಡಿ ಅಂತಾರಲ್ಲ ಅವರು, ಆ ಸಾಲು ಇದ್ರೆ ಬೇಗ ಒಪ್ತಾರೇನೋ" ಎಂದು ನಾನು ಮೆಲ್ಲಗೆ ಅಂದೆ.

"ಸುಳ್ಳು ಹೇಳಿ ಗೆದ್ರೆ ಅದು ಜಗಳ ಅಲ್ಲ ಕಣೋ, ಕಳ್ಳತನ. ಮಗು ಹಾಲು ಕುಡೀತಿದೆ ಅನ್ನೋ ನಿಜ ಇರೋವಾಗ ಸುಳ್ಳು ಯಾಕ್ ಬೇಕು?" ಎಂದು ಸಾಲನ್ನು ಹೊಡೆದುಹಾಕಿ, ಪ್ರತಿ ಅಕ್ಷರವನ್ನೂ ಬೆರಳಿಟ್ಟು ಓದಿ, ಕಳಿಸಿದರು.

ಕಾಫಿ ಲೋಟ ಕೈಗೆ ಬರುವ ಮುನ್ನವೇ ಉತ್ತರ ಬಂತು. ಅತಿ ವಿನಯದ ಉತ್ತರ. "ಅಗ್ಗದ ಮಾತ್ರೆಯನ್ನು ಪ್ರಯತ್ನಿಸಿಲ್ಲವಾದ್ದರಿಂದ ಒಪ್ಪಿಗೆ ನೀಡಲಾಗದ್ದಕ್ಕೆ ವಿಷಾದಿಸುತ್ತೇವೆ." ಕಾರಣವನ್ನು ಬಿಡಿಸಿ ಬರೆದು ಮತ್ತೆ ಕಳಿಸಿದೆವು. ಮತ್ತೆ ಕ್ಷಣದಲ್ಲೇ ಉತ್ತರ: ತಮ್ಮ ಕಾಳಜಿಯನ್ನು ಗೌರವಿಸುತ್ತೇವೆ, ಆದರೂ ವಿಷಾದಿಸುತ್ತೇವೆ.

ಅತ್ತಿಗೆಗೆ ಹೊಳೆಯಿತು. "ಲೋ, ಇಷ್ಟು ಬೇಗ ಯಾವ ಮನುಷ್ಯ ಓದ್ತಾನೋ? ಆ ಕಡೆ ಕೂತಿರೋದೂ ಮೆಷೀನೇ!"

ನೋಡಿ ಹೇಗಿದೆ! ಅವರ ಯಂತ್ರ, ನಮ್ಮ ಯಂತ್ರ ಎರಡೂ ಮದುವೆಮನೆಯ ಬೀಗರ ಹಾಗೆ "ತಾವು ದೊಡ್ಡವರು", "ಛೇ ಛೇ, ತಾವು ದೊಡ್ಡವರು" ಎಂದು ಕೈಮುಗಿಯುತ್ತ ನಿಂತುಬಿಟ್ಟಿವೆ. ಊಟಕ್ಕೆ ಮಾತ್ರ ಯಾರೂ ಕರೆಯುತ್ತಿಲ್ಲ.

"ಮನುಷ್ಯರ ಜೊತೆ ಮಾತಾಡ್ಬೇಕು" ಎಂದು ಪಟ್ಟು ಹಿಡಿದರು ಅತ್ತಿಗೆ. ದಿನಾ ಬೆಳಗ್ಗೆ ಫೋನು, ಸಂಜೆ ಮೇಲ್. ಕೊನೆಗೆ ಇನ್ಶೂರೆನ್ಸ್ ಕಂಪನಿಯ ಡಾಕ್ಟರೊಬ್ಬರು ಮಾತಾಡುತ್ತಾರೆಂದು ಸಮಯ ಕೊಟ್ಟರು. ಅತ್ತಿಗೆಯ ತಯಾರಿ ಕೇಳಬೇಡಿ! ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟು, "ನೀನೇ ಆ ಕಂಪನಿ ಡಾಕ್ಟ್ರು ಅಂತ ತಿಳ್ಕೊಂಡು ನನ್ ಮೇಲೆ ಆಕ್ಷೇಪಣೆ ಹಾಕು" ಎಂದು ಯಂತ್ರಕ್ಕೆ ಅಪ್ಪಣೆ ಕೊಟ್ಟು, ಒಲೆಯ ಮೇಲೆ ಮುದ್ದೆ ತೊಳಸುತ್ತ ವಾದಕ್ಕಿಳಿದರು. ಒಂದೇ ಉತ್ತರಕ್ಕೆ ಯಂತ್ರ "ತಾವು ಹೇಳಿದ್ದು ಸಂಪೂರ್ಣ ಸರಿ" ಎಂದು ಶರಣಾಯಿತು.

"ಇಷ್ಟು ಬೇಗ ಸೋತ್ರೆ ಹೆಂಗಪ್ಪಾ? ಗಟ್ಟಿಯಾಗಿ ನಿಂತ್ಕೋ!" ಎಂದು ಅದಕ್ಕೆ ಧೈರ್ಯ ತುಂಬಿದರು. ಅಣ್ಣ ನನ್ನ ಕಿವಿಯಲ್ಲಿ, "ಅನುಭವ ಇಲ್ಲ ಪಾಪ ಅದಕ್ಕೆ. ನನ್ನ ಕೇಳಿದ್ರೆ ಹೇಳ್ಕೊಡ್ತಿದ್ದೆ" ಎಂದು ಪಿಸುಗುಟ್ಟಿದ.

ಕರೆಯ ದಿನ ಆ ಕಡೆಯಿಂದ ಬಂದದ್ದು ಎಳೆಯ ವಯಸ್ಸಿನ, ದಣಿದ ದನಿ.

"ಮೇಡಂ, ಮಾತ್ರೆ ಯಾಕೆ ಮೊದಲು ಕೊಟ್ಟು ನೋಡಿಲ್ಲ?"

"ಮಗು ಹಾಲು ಕುಡೀತಿದೆ ಡಾಕ್ಟ್ರೇ. ನೀವಾಗಿದ್ರೆ ಆ ಮಾತ್ರೆ ಬರ್ಕೊಡ್ತಿದ್ರಾ?"

ಆ ಕಡೆಯಿಂದ ಕಾಗದ ಸರಿದ ಸದ್ದು. "ಇದನ್ನ ನೀವು ಮೊದಲೇ ಬರೆದು ಕಳ್ಸಿದ್ರಾ?"

"ಎರಡು ಸಲ. ನಿಮ್ ಮೆಷೀನ್ ಓದ್ತು, ನೀವು ಓದ್ಲಿಲ್ಲ. ಆಸ್ಪತ್ರೇಲಿ ಮಲಗ್ಸೋದು ಯಾಕೆ ಅಂತನೂ ಹೇಳ್ತೀನಿ. ನಿಮ್ ಪಾಲಿಸಿ ಪುಸ್ತಕದಲ್ಲೇ ಇದೆ, ಪುಟ ಹೇಳ್ಲಾ?"

"ಬೇಡ ಮೇಡಂ. ಇಲ್ಲೇ ಇದೆ, ನೋಡ್ತಿದೀನಿ. ಅಪ್ರೂವ್ ಮಾಡ್ತೀನಿ. ಸಾರಿ ಮೇಡಂ."

ಫೋನಿಟ್ಟ ಅತ್ತಿಗೆಯ ಮುಖ ಮದುವೆಯೂಟ ತಪ್ಪಿದವರಂತಿತ್ತು. "ಒಳ್ಳೆ ಹುಡ್ಗ. ಆದ್ರೂ ಇಷ್ಟು ಬೇಗ ಒಪ್ಪಿಬಿಟ್ನಲ್ಲೋ! ನಂದಿನ್ನೂ ಎಷ್ಟೊಂದು ಪಾಯಿಂಟ್ ಹಾಗೇ ಉಳೀತು!" ಉಳಿದ ಪಾಯಿಂಟುಗಳನ್ನು ಅವರು ಆ ಸಂಜೆಯೇ ಕುಣಿಗಲ್ಲಿನ ಇನ್ನೊಬ್ಬ ರೋಗಿಯ ಕೇಸಿಗೆ ಖರ್ಚು ಮಾಡಿದರು, ಬಿಡಿ.

ಡ್ರಿಪ್ ಹಾಕಿಸಿಕೊಂಡು ಹೋದ ಕೆಲವು ವಾರಗಳ ಮೇಲೆ ಕಡಬದ ಹುಡುಗಿ ಮತ್ತೆ ಬಂದಳು. ಯಾವುದೋ ಸಹಿಗೆಂದು ನಾನೂ ಅತ್ತಿಗೆಯ ಕೋಣೆಯಲ್ಲಿದ್ದೆ. ಮಗು ಅವಳ ಸೊಂಟದ ಮೇಲಿತ್ತು. ಅತ್ತೆ ಬರಿಗೈಯಲ್ಲಿ ಹಿಂದೆ ಬಂದರು. ಹೊರಗಿನ ಸೆಕೆಗೆ ಮಗು ಬೆವರಿತ್ತು. ಮಾತಾಡುತ್ತಲೇ ಅವಳು ಅದರ ಅಂಗಿಯ ಪುಟ್ಟ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು, ಮಗುವನ್ನು ಅತ್ತೆಯ ತೊಡೆಗೆ ದಾಟಿಸಿ ಪರೀಕ್ಷೆಗೆ ಕೈ ಚಾಚಿದಳು. ತಾನೇನು ಮಾಡಿದೆನೆಂಬುದು ಅವಳ ಗಮನಕ್ಕೇ ಬಂದಂತಿರಲಿಲ್ಲ.

ಅತ್ತಿಗೆಯ ಗಮನಕ್ಕೆ ಬಂದಿತ್ತು. ಅವಳ ಕೈಯನ್ನು ತೆಗೆದುಕೊಂಡು ಪ್ರತಿ ಗೆಣ್ಣನ್ನೂ ಹೆಬ್ಬೆರಳಿನಿಂದ ಒತ್ತುತ್ತ ಹೋದರು.

"ಇಲ್ಲಿ ನೋವಿದ್ಯಾ?"

"ಇಲ್ಲ ಮೇಡಂ."

"ಇಲ್ಲಿ?"

"ಇಲ್ಲ."

"ಇಲ್ಲಿ?"

"ಇಲ್ಲ ಮೇಡಂ."

ಕಿರುಬೆರಳಿನವರೆಗೂ ಬಂದು ಪರೀಕ್ಷೆ ಮುಗಿಯಿತು. ಕೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಹೊರಗೆ ರೋಗಿಗಳು ಕಾಯುತ್ತಿದ್ದರು. ಆದರೂ ಅತ್ತಿಗೆ ಆ ಕೈಯನ್ನು ಬಿಡದೆ, ತಮ್ಮ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಕೂತಿದ್ದರು.